ಗ್ರೋ ಲೈಟಿನ ಬಿಸಿ ಎಲ್ಲಿಗೆ ಹೋಗಬೇಕು?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನೆಯೊಳಗೆ ಗಿಡ ಬೆಳೆಸಲು ಹೊರಟವರು ದೀಪದ ವಾಟ್, ಬಣ್ಣ, ನೇತುಹಾಕುವ ಎತ್ತರ ಎಲ್ಲವನ್ನೂ ವಿಚಾರಿಸಿಯೇ ಕೊಳ್ಳುತ್ತಾರೆ. ಬಿಸಿಯ ಯೋಚನೆ ಬರುವುದು ಮಾತ್ರ ಎಲೆ ಮುರುಟಿದ ಮೇಲೆ. ಈ ಸಲ ಆಯ್ದುಕೊಂಡ ಪ್ರಶ್ನೆಗಳೆಲ್ಲ ಆ ಬಿಸಿಗೇ ಸೇರಿದವು.

ಪ್ರಶ್ನೆ: ಹಳೆಯ ಮರದ ಬೀರುವಿನ ಹಲಗೆಗಳನ್ನು ತೆಗೆದು, ಒಳಗೆ ಬಿಳಿ ಬಣ್ಣ ಬಳಿದು, 100 ವಾಟ್‌ನ ಎಲ್‌ಇಡಿ ಗ್ರೋ ಲೈಟ್ ತೂಗುಹಾಕಿದ್ದೇನೆ. ಬೀರು 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ. ಲೆಟ್ಯೂಸ್ ಮತ್ತು ಕೊತ್ತಂಬರಿ ಹಾಕಿದ್ದೇನೆ. ಕೋಣೆಯಲ್ಲಿ 29 ಡಿಗ್ರಿ ಇದ್ದಾಗ ಬೀರುವಿನೊಳಗೆ 38 ತೋರಿಸುತ್ತದೆ. ಒಳಗೆ ಎರಡು ಕಂಪ್ಯೂಟರ್ ಫ್ಯಾನ್ ಓಡುತ್ತಲೇ ಇವೆ. ಲೆಟ್ಯೂಸಿನ ಒಳಎಲೆಗಳ ಅಂಚು ಕಂದಾಗಿದೆ, ಕೊತ್ತಂಬರಿ ಮೂರೇ ವಾರಕ್ಕೆ ಹೂಕಾಂಡ ಎಬ್ಬಿಸಿದೆ. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ಹೇಳಿದ್ದರು. ತಪ್ಪಾಗಿದ್ದು ಎಲ್ಲಿ?
— ಬಸವನಗುಡಿ, ಬೆಂಗಳೂರು

ಉತ್ತರ: ಎಲ್‌ಇಡಿಯ ಮುಂಭಾಗದಿಂದ ಗಿಡದ ಮೇಲೆ ಬೀಳುವ ಬಿಸಿ ಕಡಿಮೆ, ಅಷ್ಟು ಮಾತ್ರ ನಿಜ. ನಿಮ್ಮ ದೀಪ ಗೋಡೆಯ ಪ್ಲಗ್‌ನಿಂದ ಎಳೆಯುವ 100 ವಾಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬೆಳಕಾಗುತ್ತದೆ, ಉಳಿದರ್ಧ ದೀಪದ ಬೆನ್ನಿನ ಅಲ್ಯೂಮಿನಿಯಂ ತಟ್ಟೆಯಲ್ಲೂ ಡ್ರೈವರ್‌ನಲ್ಲೂ (ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಶಾಖವಾಗುತ್ತದೆ. ಬೆಳಕಾದ ಆ ಅರ್ಧವಾದರೂ ಎಲೆ, ಮಣ್ಣು, ಹಲಗೆಗಳಿಗೆ ತಾಗಿ ಕೊನೆಗೆ ಶಾಖವೇ ಆಗುತ್ತದೆ. ಗಿಡ ಅದರಲ್ಲಿ ಸಕ್ಕರೆ ಮಾಡಿ ಕೂಡಿಟ್ಟುಕೊಳ್ಳುವುದು ತೀರಾ ಸ್ವಲ್ಪ. ಹಾಗಾಗಿ ಲೆಕ್ಕ ಹಾಕುವಾಗ ನೂರಕ್ಕೆ ನೂರು ವಾಟ್ ಶಾಖ ಎಂದೇ ಹಿಡಿಯಬೇಕು. ಮುಚ್ಚಿದ ಬೀರುವಿನಲ್ಲಿ 100 ವಾಟ್‌ನ ಹೀಟರ್ ಇಟ್ಟು ಬಾಗಿಲು ಹಾಕಿದ ಹಾಗೆ.

ನಿಮ್ಮ ಎರಡು ಫ್ಯಾನ್‌ಗಳು ಒಳಗಿನ ಬಿಸಿಗಾಳಿಯನ್ನೇ ಕಡೆಯುತ್ತಿವೆ. ಬಿಸಿ ಬೀರುವಿನಿಂದ ಹೊರಗೆ ಹೋಗಿಲ್ಲ. ಎಷ್ಟು ಗಾಳಿ ಹೊರಗೆ ಹೋಗಬೇಕೆಂದು ತಿಳಿಯಲು ಒಂದು ಸುಲಭದ ಲೆಕ್ಕವಿದೆ. ವಾಟ್‌ಗಳನ್ನು 3ರಿಂದ ಗುಣಿಸಿ, ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಎಂಬುದು ಬರುತ್ತದೆ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು, ಆ 3 ಬಂದದ್ದು ಅಲ್ಲಿಂದ. ನಿಮಗೆ 3 ಡಿಗ್ರಿ ಏರಿಕೆ ಸಾಕು ಎಂದುಕೊಂಡರೆ 100 × 3 ÷ 3 = 100 ಘನ ಮೀಟರ್. ಫ್ಯಾನ್ ಪೆಟ್ಟಿಗೆಯ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಎಂದು ಬರೆದಿರುತ್ತದೆ. 1 ಸಿಎಫ್‌ಎಂ ಅಂದರೆ ಗಂಟೆಗೆ 1.7 ಘನ ಮೀಟರ್. ಹಾಗಾಗಿ ನಿಮಗೆ ಬೇಕಾದದ್ದು ಸುಮಾರು 60 ಸಿಎಫ್‌ಎಂ. ಆದರೆ ಪೆಟ್ಟಿಗೆಯ ಅಂಕಿ ಯಾವ ಅಡ್ಡಿಯೂ ಇಲ್ಲದೆ ಬಯಲಿನಲ್ಲಿ ಓಡುವ ಫ್ಯಾನಿನದು. ಸೊಳ್ಳೆ ಜಾಲರಿ, ಕಿರಿದಾದ ಕಂಡಿ, ಪೈಪಿನ ತಿರುವು ಬಂದರೆ ಅರ್ಧಕ್ಕಿಳಿಯುತ್ತದೆ. 120 ಸಿಎಫ್‌ಎಂ ಲೆಕ್ಕದಲ್ಲಿ ಕೊಳ್ಳಿ. 120 ಮಿ.ಮೀ. ಅಳತೆಯ, ತಲಾ 60ರಿಂದ 70 ಸಿಎಫ್‌ಎಂನ ಎರಡು 12 ವೋಲ್ಟ್ ಫ್ಯಾನ್ ಅಕ್ಕಪಕ್ಕ ಕೂರಿಸಿದರೆ ಆಯಿತು. ನಿಮಗೆ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಫ್ಯಾನ್, ಅಡಾಪ್ಟರ್, ಜಾಲರಿ ಎಲ್ಲವೂ ಒಂದೇ ಓಡಾಟದಲ್ಲಿ ಸಿಗುತ್ತವೆ. ಈಗಿರುವ ಫ್ಯಾನ್‌ಗಳೇ ಆ ಅಳತೆಯವಾಗಿದ್ದರೆ ಹೊಸದು ಬೇಡ, ಜಾಗ ಬದಲಿಸಿ.

ಎರಡನ್ನೂ ಬೀರುವಿನ ಹಿಂಬದಿಯ ಹಲಗೆಯಲ್ಲಿ, ದೀಪಕ್ಕಿಂತ ಮೇಲೆ, ಗಾಳಿಯನ್ನು ಹೊರಗೆ ಎಸೆಯುವ ಹಾಗೆ ಕೂರಿಸಿ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಗೋಡೆಗೆ ಒತ್ತಿದ್ದರೆ ಹೊರಬಂದ ಬಿಸಿ ಮತ್ತೆ ಒಳಗೇ ಬರುತ್ತದೆ. ತಂಪುಗಾಳಿಯ ಕಂಡಿ ಎದುರುಬದಿಯಲ್ಲಿ, ಬಾಗಿಲಿನ ಬುಡದಲ್ಲಿರಲಿ. ಹೆಚ್ಚಿನವರು ಎಡವುವುದು ಈ ಕಂಡಿಯಲ್ಲೇ. ಎರಡು ಫ್ಯಾನಿನ ಬಾಯಿ ಸೇರಿ ಸುಮಾರು 225 ಚದರ ಸೆಂ.ಮೀ. ಆಗುತ್ತದೆ. ಒಳಬರುವ ಕಂಡಿ ಅದರ ಎರಡರಷ್ಟು ಬೇಕು. 45 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರದ ಸೀಳು ತೆಗೆಸಿದರೆ ಸರಿಹೋಗುತ್ತದೆ. ಸೊಳ್ಳೆ ಜಾಲರಿ ಹೊಡೆಯುವುದಾದರೆ ಇನ್ನೂ ಮೂರು ಸೆಂ.ಮೀ. ಎತ್ತರ ಸೇರಿಸಿ.

ಗಾಳಿ ಸರಿಯಾಗಿ ಓಡುತ್ತಿದೆಯೇ ಎಂದು ನೋಡಲು ಒಂದು ಊದಿನಕಡ್ಡಿ ಸಾಕು. ಬಾಗಿಲು ಮುಚ್ಚಿ, ಕೆಳಗಿನ ಕಂಡಿಯ ಬಳಿ ಹಿಡಿಯಿರಿ. ಹೊಗೆ ನೇರವಾಗಿ ಒಳಗೆ ಎಳೆದುಕೊಂಡು ಹೋಗಬೇಕು. ಆಮೇಲೆ ಬಾಗಿಲಿನ ಮೇಲಂಚಿನ ಸಂದಿಗೆ ಹಿಡಿಯಿರಿ. ಅಲ್ಲೂ ಹೊಗೆ ಒಳಗೆ ಹೋದರೆ ಫ್ಯಾನ್ ಹತ್ತಿರದ ದಾರಿ ಹುಡುಕಿಕೊಂಡಿದೆ, ಗಿಡದ ನಡುವೆ ಗಾಳಿ ಹಾಯುತ್ತಿಲ್ಲ ಎಂದು ತಿಳಿಯಿರಿ. ಆ ಸಂದಿಗೆ ಫೋಮ್ ಪಟ್ಟಿ ಅಂಟಿಸಿ.

ಡ್ರೈವರ್ ದೀಪದಿಂದ ಬೇರೆಯಾಗಿ ವೈರಿನಲ್ಲಿ ತೂಗುವಂಥದ್ದಾದರೆ ಅದನ್ನು ಬೀರುವಿನ ಹೊರಗೆ ತಿರುಪು ಹಾಕಿ ಕೂರಿಸಿ. ನೂರರಲ್ಲಿ ಸುಮಾರು ಹತ್ತು ವಾಟ್ ಅಲ್ಲೇ ಹೊರಗೆ ಉಳಿಯುತ್ತದೆ. ಡ್ರೈವರ್‌ಗೂ ಒಳ್ಳೆಯದು. ಅದರೊಳಗಿನ ಕೆಪಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧವಾಗುತ್ತದೆ. ಮಿಣುಕತೊಡಗಿ ಸಾಯುವ ದೀಪಗಳಲ್ಲಿ ಬಹುಪಾಲು ಸಾಯುವುದು ಡ್ರೈವರ್ ಸುಟ್ಟು, ಎಲ್‌ಇಡಿ ಹಾಳಾಗಿ ಅಲ್ಲ.

ಇನ್ನು ಎಲೆಯ ಅಂಚು ಕಂದಾದದ್ದು. ಸುಣ್ಣದ ಅಂಶ ಕಡಿಮೆ ಎಂದು ಕ್ಯಾಲ್ಸಿಯಂ ಸಿಂಪಡಿಸಬೇಡಿ, ಮಣ್ಣಿನಲ್ಲಿ ಅದು ಇದ್ದೇ ಇರುತ್ತದೆ. ಎಲೆ ಬೆವರಿದರೆ ಮಾತ್ರ ಬೇರಿನಿಂದ ನೀರಿನ ಜೊತೆ ಕ್ಯಾಲ್ಸಿಯಂ ಮೇಲೇರುತ್ತದೆ. ಲೆಟ್ಯೂಸಿನ ನಡುವಿನ ಎಳೆಯ ಎಲೆಗಳು ಒಂದರೊಳಗೊಂದು ಮಡಚಿಕೊಂಡಿರುತ್ತವೆ, ಅಲ್ಲಿ ಗಾಳಿ ಕದಲದಿದ್ದರೆ ಬೆವರುವುದಿಲ್ಲ, ಅಂಚು ಸಾಯುತ್ತದೆ. ಮೇಲಿನಿಂದ ಸುಳಿಯ ಕಡೆಗೆ ಬೀಸುವ ಒಂದು ಚಿಕ್ಕ ಫ್ಯಾನ್ ಇಡಿ. ಎಲೆ ಮೆಲ್ಲಗೆ ನಡುಗುವಷ್ಟು ಗಾಳಿ ಸಾಕು, ಬಾಗುವಷ್ಟು ಬೇಡ. ಕೊತ್ತಂಬರಿ ಹೂಕಾಂಡ ಎಬ್ಬಿಸಲು ಬಿಸಿಯ ಜೊತೆಗೆ ಬೆಳಕಿನ ಅವಧಿಯೂ ಕಾರಣ. 16 ಗಂಟೆ ಉರಿಸುತ್ತಿದ್ದರೆ 12ಕ್ಕೆ ಇಳಿಸಿ.

ಇಷ್ಟೆಲ್ಲ ಮಾಡಿದರೂ ಬೀರು ಕೋಣೆಗಿಂತ ತಂಪಾಗುವುದಿಲ್ಲ. ಎಕ್ಸಾಸ್ಟ್ ಫ್ಯಾನಿಗೆ ಅದು ಸಾಧ್ಯವಿಲ್ಲ. ಕೋಣೆ 29 ಇದ್ದರೆ ಒಳಗೆ 32. ಲೆಟ್ಯೂಸ್ ಸುಖವಾಗಿರುವುದು 18ರಿಂದ 24ರಲ್ಲಿ. ಆದ್ದರಿಂದ ದೀಪದ ಹಗಲನ್ನೇ ರಾತ್ರಿಗೆ ತನ್ನಿ. ಟೈಮರನ್ನು ರಾತ್ರಿ 8ರಿಂದ ಬೆಳಗಿನ 8ರವರೆಗೆ ಇಡಿ, ಕಿಟಕಿ ತೆರೆಯಿರಿ. ಬೆಂಗಳೂರಿನ ರಾತ್ರಿ ಏಪ್ರಿಲ್‌ನಲ್ಲೂ ಮಧ್ಯಾಹ್ನಕ್ಕಿಂತ ಎಷ್ಟೋ ತಂಪು, ಅದನ್ನು ಬಿಟ್ಟಿಯಾಗಿ ಬಳಸಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಮೇ ತಿಂಗಳು ಕೋಣೆಯೊಳಗೇ 40 ಡಿಗ್ರಿ ದಾಟುತ್ತದೆ. 200 ವಾಟ್ ದೀಪದ ಗ್ರೋ ಟೆಂಟ್ ಇದೆ. ದೊಡ್ಡ ಎಕ್ಸಾಸ್ಟ್ ಹಾಕಿದರೆ ಸಾಕೇ, ಏರ್ ಕೂಲರ್ ಇಡಬಹುದೇ?
— ಕಲಬುರಗಿ

ಉತ್ತರ: ಎಕ್ಸಾಸ್ಟ್ ಎಷ್ಟೇ ದೊಡ್ಡದಾದರೂ ಟೆಂಟಿಗೆ ತುಂಬುವುದು ಆ 40ರ ಗಾಳಿಯನ್ನೇ. ಕೂಲರ್ ಮಾತ್ರ ನಿಮ್ಮ ಊರಿಗೆ ಹೇಳಿ ಮಾಡಿಸಿದ ಸಾಧನ, ಏಕೆಂದರೆ ನಿಮ್ಮ ಬಿಸಿಲು ಒಣಬಿಸಿಲು. ಗಾಳಿ 42 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಪ್ಯಾಡ್ ಚೆನ್ನಾಗಿ ನೆನೆದ ಕೂಲರ್ 28ರ ಆಸುಪಾಸಿನ ಗಾಳಿ ಕೊಡಬಲ್ಲದು. ಎರಡು ಕಟ್ಟುಪಾಡುಗಳಿವೆ. ಕೂಲರ್ ಕಿಟಕಿಯಲ್ಲಿದ್ದು ಹೊರಗಿನ ಒಣಗಾಳಿಯನ್ನೇ ಎಳೆಯಬೇಕು. ಟೆಂಟಿನ ಎಕ್ಸಾಸ್ಟ್ ಪೈಪು ಇನ್ನೊಂದು ಕಿಟಕಿಯಿಂದ ಹೊರಗೆ ಹೋಗಬೇಕು. ಬಾಗಿಲು ಕಿಟಕಿ ಮುಚ್ಚಿ ಕೂಲರ್ ಓಡಿಸಿದರೆ ಅರ್ಧ ಗಂಟೆಯಲ್ಲಿ ಕೋಣೆ ಹಬೆಯಲ್ಲಿಟ್ಟ ಇಡ್ಲಿ ಪಾತ್ರೆಯಾಗುತ್ತದೆ. ಬಿಸಿ ಇಳಿಯುವುದಿಲ್ಲ, ಬೂಷ್ಟು ಬರುತ್ತದೆ.

ಡಿಮ್ಮರ್ ಇದ್ದರೆ ದೀಪವನ್ನು ಶೇ 60ಕ್ಕೆ ಇಳಿಸಿ. 200 ವಾಟ್ 120 ಆಗುತ್ತದೆ, ಬೇಕಾದ ಗಾಳಿಯೂ ಅಷ್ಟೇ ಇಳಿಯುತ್ತದೆ. ಟೆಂಟಿನ ಬದಿಗಳು ಒಳಕ್ಕೆ ಎಳೆದುಕೊಂಡು ಗಿಡಕ್ಕೆ ತಾಗುತ್ತಿದ್ದರೆ ಕೆಳಗಿನ ಜಾಲರಿ ಕಿಟಕಿಗಳನ್ನು ಇನ್ನಷ್ಟು ತೆರೆಯಿರಿ, ಫ್ಯಾನ್ ಉಸಿರುಗಟ್ಟಿದೆ ಎಂದು ಅರ್ಥ. ಮೇನಲ್ಲಿ ಲೆಟ್ಯೂಸ್, ಸ್ಟ್ರಾಬೆರಿಯ ಆಸೆ ಬಿಟ್ಟು ಹರಿವೆ, ದಂಟು, ಬಸಳೆ ಹಾಕಿ. ಅವು ಸೆಕೆಗೆ ಹೆದರುವ ಸೊಪ್ಪುಗಳಲ್ಲ.

ಪ್ರಶ್ನೆ: ಗಾಜಿನ ಕಪಾಟಿನಲ್ಲಿ ಆರ್ಕಿಡ್‌ಗಳಿವೆ, 40 ವಾಟ್ ಎಲ್‌ಇಡಿ. ಮಳೆಗಾಲದಲ್ಲಿ ತೇವಾಂಶ ಶೇ 90, ಬೆಳಗಾದರೆ ಗಾಜೆಲ್ಲ ನೀರು, ಎಲೆಯ ಮೇಲೆ ಕಪ್ಪು ಚುಕ್ಕೆ. ಫ್ಯಾನ್ ಒಂದು ವರ್ಷವೂ ಬಾಳಲಿಲ್ಲ.
— ಸುರತ್ಕಲ್

ಉತ್ತರ: ನಿಮ್ಮಲ್ಲಿ ಮಳೆಗಾಲದ ಮಟ್ಟಿಗೆ ದೀಪದ ಬಿಸಿ ಶತ್ರುವಲ್ಲ. 27 ಡಿಗ್ರಿಯಲ್ಲಿ ಶೇ 90 ತೇವ ಇರುವ ಗಾಳಿಯನ್ನು 30ಕ್ಕೆ ಬಿಸಿ ಮಾಡಿದರೆ ಅದೇ ಗಾಳಿಯ ತೇವಾಂಶ ಶೇ 76ಕ್ಕೆ ಇಳಿಯುತ್ತದೆ. ಆವಿ ಎಲ್ಲೂ ಹೋಗಿಲ್ಲ, ಬಿಸಿಗಾಳಿಯ ಹಿಡಿಸುವ ಶಕ್ತಿ ಹೆಚ್ಚಾಗಿದೆ ಅಷ್ಟೆ. ಎಲೆ ಬೆವರಲು ಆ ಅಂತರ ಸಾಕು. ತೊಂದರೆ ಶುರುವಾಗುವುದು ದೀಪ ಆರಿದ ಮೇಲೆ. ಹಗಲಿಡೀ ಗಿಡ ಬಿಟ್ಟ ಆವಿ, ತೊಟ್ಟಿಯ ತೇವ ಎಲ್ಲ ಕಪಾಟಿನಲ್ಲೇ ಇರುವಾಗ ಗಾಳಿ ತಣಿಯುತ್ತದೆ, ಗಾಜಿಗೂ ಎಲೆಗೂ ನೀರು ಕಟ್ಟುತ್ತದೆ. ಕಪ್ಪು ಚುಕ್ಕೆಯ ಶಿಲೀಂಧ್ರಕ್ಕೆ ಬೇಕಾದದ್ದು ರಾತ್ರಿಯಿಡೀ ಒದ್ದೆಯಾಗಿರುವ ಆ ಎಲೆಯೇ.

ಹಾಗಾಗಿ ದೀಪದ ಸ್ವಿಚ್ಚಿಗೇ ಫ್ಯಾನನ್ನೂ ಜೋಡಿಸಬೇಡಿ. ಫ್ಯಾನಿಗೆ ಬೇರೆ ಟೈಮರ್ ಕೊಟ್ಟು, ದೀಪ ಆರಿದ ಮೇಲೂ ಎರಡು ಗಂಟೆ ಹೊರಗೆ ಎಸೆಯಲಿ. ಒಳಗೆ ಗಾಳಿ ಕದಲಿಸುವ ಚಿಕ್ಕ ಫ್ಯಾನ್ 24 ಗಂಟೆಯೂ ಓಡಲಿ. ನೀರು ಹಾಕುವುದನ್ನು ದೀಪ ಹೊತ್ತಿದ ಮೊದಲ ಗಂಟೆಯಲ್ಲೇ ಮುಗಿಸಿ, ಸಂಜೆ ಸಿಂಪಡಣೆ ಬೇಡವೇ ಬೇಡ.

ಫ್ಯಾನ್ ಕೊಳ್ಳುವಾಗ ಸ್ಲೀವ್ ಬೇರಿಂಗ್ ಬೇಡ, ಡ್ಯುಯಲ್ ಬಾಲ್ ಬೇರಿಂಗ್ ಕೇಳಿ, ಧೂಳು ನೀರಿನಿಂದ ರಕ್ಷಣೆಯ ಅಂಕಿ ಐಪಿ 55 ಅಥವಾ ಮೇಲಿನದು. ಸ್ಲೀವ್ ಬೇರಿಂಗಿನ ಎಣ್ಣೆ ಬಿಸಿಗೆ ಬೇಗ ಒಣಗುತ್ತದೆ. ಫ್ಯಾನ್ ಅಂಗಾತ ಮಲಗಿಸಿ ಕೂರಿಸಿದ್ದರೆ ಇನ್ನೂ ಬೇಗ. ಕಡಲಗಾಳಿಯ ಉಪ್ಪು ವೈರಿನ ಜೋಡಣೆಗಳನ್ನೂ ತಿನ್ನುತ್ತದೆ, ಹೀಟ್ ಸಿಂಕಿನ (ದೀಪದ ಬೆನ್ನಿನಲ್ಲಿ ಬಿಸಿ ಹೊರಬಿಡುವ ಅಲ್ಯೂಮಿನಿಯಂ ತಟ್ಟೆ) ರೆಕ್ಕೆಗಳ ನಡುವೆ ಬಿಳಿ ಪುಡಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣ ಪೇಂಟ್ ಬ್ರಷ್ಷಿನಿಂದ ರೆಕ್ಕೆಗಳನ್ನು ಉಜ್ಜಿ ತೆಗೆಯಿರಿ. ಬೆಸುಗೆಯ ಜಾಗಕ್ಕೆಲ್ಲ ಬಿಸಿ ತಾಗಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ.

ಪ್ರಶ್ನೆ: ಹಳೆಯ 250 ವಾಟ್ ಸೋಡಿಯಂ ದೀಪ ಅಗ್ಗಕ್ಕೆ ಸಿಕ್ಕಿದೆ. ಅಟ್ಟದ ಮೇಲೆ ಮೆಣಸಿನ ಸಸಿಗಳಿಗೆ ಹಾಕಬಹುದೇ?
— ಧಾರವಾಡ

ಉತ್ತರ: ಬೇಡ. ಚೋಕ್ ಸೇರಿ ಅದು 275ಕ್ಕೂ ಹೆಚ್ಚು ವಾಟ್ ಎಳೆಯುತ್ತದೆ. ಬಲ್ಬಿನ ಗಾಜು ನೂರಾರು ಡಿಗ್ರಿ ಕಾಯುತ್ತದೆ, ಆ ಬಿಸಿ ಬೆಳಕಿನ ಜೊತೆಗೇ ನೇರವಾಗಿ ಸಸಿಯ ಮೇಲೆ ಬೀಳುತ್ತದೆ. ಫ್ಯಾನ್ ಗಾಳಿಯ ಬಿಸಿಯನ್ನು ಒಯ್ದೀತು, ಕಿರಣವಾಗಿ ಬೀಳುವ ಬಿಸಿಯನ್ನಲ್ಲ. ಉರಿಯುವ ಬಲ್ಬಿಗೆ ಒಂದು ಹನಿ ನೀರು ಸಿಡಿದರೂ ಒಡೆಯಬಹುದು, ಅಟ್ಟದಲ್ಲಿ ಮರದ ತೊಲೆ, ಹಳೆಯ ಸಾಮಾನು ಬೇರೆ. ಸಸಿಗಳಿಗೆ 30ರಿಂದ 40 ವಾಟ್‌ನ ಎಲ್‌ಇಡಿ ಪಟ್ಟಿ ಸಾಕು.

ಪ್ರಶ್ನೆ: ಫ್ಯಾನ್ ತಾನಾಗಿಯೇ ಓಡಲೆಂದು ಥರ್ಮೋಸ್ಟಾಟ್ ಹಾಕಿದ್ದೇನೆ. ಅದು ಸದಾ 35 ತೋರಿಸುತ್ತದೆ, ಪಕ್ಕದ ಗೋಡೆಯ ಥರ್ಮಾಮೀಟರ್ 30. ಯಾವುದನ್ನು ನಂಬಲಿ? ಊರಿಗೆ ಹೋದಾಗ ಫ್ಯಾನ್ ಕೆಟ್ಟರೆ ಏನು ಗತಿ?
— ಹುಬ್ಬಳ್ಳಿ

ಉತ್ತರ: ಸೆನ್ಸರ್ ದೀಪದ ಬೆಳಕಿಗೆ ಒಡ್ಡಿಕೊಂಡಿದೆ. ಕಪ್ಪು ತುದಿ ಬೆಳಕು ಹೀರಿ ಗಾಳಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ತೋರಿಸುತ್ತದೆ. ಅದನ್ನು ಗಿಡದ ತಲೆಯ ಎತ್ತರಕ್ಕೆ ತಂದು, ಮೇಲೆ ಒಂದು ಬಿಳಿ ಕಾಗದದ ಲೋಟವನ್ನು ಬೋರಲು ಹಾಕಿ, ಲೋಟದ ಬದಿಗೆ ನಾಲ್ಕಾರು ತೂತು ಮಾಡಿ. ನೆರಳೂ ಆಯಿತು, ಗಾಳಿಯೂ ಆಡಿತು. ಫ್ಯಾನ್ 28ಕ್ಕೆ ಹೊತ್ತಿ 26ಕ್ಕೆ ಆರುವ ಹಾಗೆ ಇಡಿ. ಈ ಎರಡು ಡಿಗ್ರಿ ಅಂತರ ಇಲ್ಲದಿದ್ದರೆ ಥರ್ಮೋಸ್ಟಾಟಿನೊಳಗಿನ ಸ್ವಿಚ್ಚಾದ ರಿಲೇ ನಿಮಿಷಕ್ಕೊಮ್ಮೆ ಟಕ್ಕೆಂದು ಬೇಗ ಸವೆಯುತ್ತದೆ.

12 ವೋಲ್ಟ್ ಫ್ಯಾನಿಗೆ ಡಬ್ಲ್ಯು 1209 ಎಂಬ ಚಿಕ್ಕ ಥರ್ಮೋಸ್ಟಾಟ್ ಸರ್ಕ್ಯೂಟ್ ಬೋರ್ಡ್ ಸಾಕು. ಆದರೆ 230 ವೋಲ್ಟ್ ವೈರನ್ನು ಆ ತೆರೆದ ಬೋರ್ಡಿಗೆ ಕೊಡಬೇಡಿ. ಮೇನ್ಸ್ ಫ್ಯಾನಿಗೆ ಪೆಟ್ಟಿಗೆಯೊಳಗೆ ಬರುವ ಎಸ್‌ಟಿಸಿ 1000 ಥರ್ಮೋಸ್ಟಾಟ್ ಬಳಸಿ.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ಕೆಎಸ್‌ಡಿ 301 ಎಂಬ ಗುಂಡಿಯಾಕಾರದ ಥರ್ಮಲ್ ಸ್ವಿಚ್ ಸಿಗುತ್ತದೆ. 70 ಡಿಗ್ರಿಯದು, ತಣ್ಣಗಿದ್ದಾಗ ಜೋಡಿಕೊಂಡಿರುವ ಮಾದರಿ ಎಂದು ಕೇಳಿ ತೆಗೆದುಕೊಳ್ಳಿ. ಎರಡು ಸ್ಕ್ರೂ ಹಾಕಿ ದೀಪದ ಹೀಟ್ ಸಿಂಕಿಗೆ ಬಿಗಿದು, ಡ್ರೈವರ್‌ಗೆ ಹೋಗುವ ಫೇಸ್ ವೈರಿನ ನಡುವೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಿಸಿ. ಫ್ಯಾನ್ ನಿಂತು ತಟ್ಟೆ ಕಾದರೆ ದೀಪ ತಾನೇ ಆರುತ್ತದೆ. ನೀರು, ಕಬ್ಬಿಣದ ಸ್ಟ್ಯಾಂಡ್, ಕರೆಂಟು ಒಂದೇ ಕಡೆ ಇರುವುದರಿಂದ ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಪ್ಲಗ್ಗಿಗೆ ಬರುವ ವೈರು ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರಲಿ. ವೈರಿನ ಗುಂಟ ಹರಿದ ನೀರು ಆ ಕೊಂಕಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ತಟ್ಟೆಯ ಬಿಸಿಯನ್ನು ಇನ್‌ಫ್ರಾರೆಡ್ ಗನ್ನಿನಿಂದ ಅಳೆಯುವಾಗ ಹೊಳೆಯುವ ಅಲ್ಯೂಮಿನಿಯಂಗೆ ನೇರ ಗುರಿ ಇಡಬೇಡಿ, ಸುಳ್ಳು ಅಂಕಿ ಬರುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಎಲೆಗೆ ಈ ತೊಂದರೆ ಇಲ್ಲ.

ಪ್ರಶ್ನೆ: 10 × 10 ಅಡಿ ಕೋಣೆಯಲ್ಲಿ ಕೇಸರಿ ಬೆಳೆಯುವ ಯೋಜನೆ ಇದೆ. ನಾಲ್ಕು ಅಂತಸ್ತಿನ ರ‍್ಯಾಕ್, ಒಟ್ಟು 400 ವಾಟ್ ಎಲ್‌ಇಡಿ, 1 ಟನ್ ಎಸಿ. ದೀಪದ ಬಿಸಿ ಎಸಿಗೆ ಹೊರೆಯಾಗುತ್ತದೆಯೇ? ಎಕ್ಸಾಸ್ಟ್ ಕೂಡ ಬೇಕೇ?
— ಬೀದರ್

ಉತ್ತರ: 1 ಟನ್ ಎಂದರೆ ಸುಮಾರು 3,500 ವಾಟ್ ಶಾಖವನ್ನು ಹೊರಹಾಕುವ ಶಕ್ತಿ. ಅದರಲ್ಲಿ 400 ವಾಟ್ ಒಂಬತ್ತನೇ ಒಂದು ಪಾಲು. ಬೀದರಿನ ಬಿಸಿಲಿಗೆ ಕಾಯುವ ಚಾವಣಿ, ಪಶ್ಚಿಮದ ಗೋಡೆ ತರುವ ಬಿಸಿ ಇದಕ್ಕಿಂತ ದೊಡ್ಡದು. ಮೊದಲು ಒಳಗಡೆ ಗೋಡೆಗೂ ಚಾವಣಿಗೂ 50 ಮಿ.ಮೀ. ಪಫ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) ಅಥವಾ ದಪ್ಪ ಥರ್ಮಾಕೋಲ್ ಹೊದಿಸಿ, ಕಿಟಕಿ ಮುಚ್ಚಿ.

ಕೇಸರಿಯ ಎಲ್ಲ ಹಂತಕ್ಕೂ ಒಂದೇ ಬೆಳಕು ಬೇಕಿಲ್ಲ ಎಂಬುದೇ ನಿಮಗೆ ಅನುಕೂಲ. ಗೆಡ್ಡೆಯೊಳಗೆ ಹೂಮೊಗ್ಗು ರೂಪುಗೊಳ್ಳುವುದು 23ರಿಂದ 27 ಡಿಗ್ರಿಯಲ್ಲಿ, ಕತ್ತಲಲ್ಲೇ. ಹೂ ಹೊರಬರಲು 15ರಿಂದ 17 ಬೇಕು, ಕಾಶ್ಮೀರದ ಪಾಂಪೋರದ ಕೇಸರಿ ಹೊಲಗಳಲ್ಲಿ ಅಕ್ಟೋಬರ್, ನವೆಂಬರ್‌ನ ತಂಪಿನಲ್ಲಿ ಆಗುವುದೂ ಅದೇ. ಎಸಿ ಅತಿ ಹೆಚ್ಚು ದುಡಿಯುವ ಆ ವಾರಗಳಲ್ಲಿ ಮಂದ ಬೆಳಕು ಸಾಕು. ದೀಪಗಳನ್ನು ಕಾಲು ಭಾಗಕ್ಕೆ ಇಳಿಸಿ. ಪೂರ್ಣ ಬೆಳಕು ಬೇಕಾಗುವುದು ಹೂ ಮುಗಿದು, ಗೆಡ್ಡೆಗಳನ್ನು ಮಣ್ಣಿಗೆ ಹಾಕಿ, ಎಲೆ ಬೆಳೆದು ಮರಿಗೆಡ್ಡೆ ಕಟ್ಟುವಾಗ.

ಎಸಿ ಓಡುವಾಗ ಎಕ್ಸಾಸ್ಟ್ ಹಾಕಿದರೆ ದುಡ್ಡು ಕೊಟ್ಟು ತಂಪು ಮಾಡಿದ ಗಾಳಿಯನ್ನು ಬೀದಿಗೆ ಚೆಲ್ಲಿದಂತೆ. ದಿನಕ್ಕೆ ಒಂದೆರಡು ಸಲ ಐದು ನಿಮಿಷ ಸಾಕು. ರ‍್ಯಾಕಿನಲ್ಲಿ ಒಂದು ಸೂಕ್ಷ್ಮವಿದೆ. ಕೆಳ ಅಂತಸ್ತಿನ ದೀಪದ ಬೆನ್ನು ಮೇಲಿನ ತಟ್ಟೆಯ ತಳಕ್ಕೆ ಅಂಟಿಕೊಂಡಿದ್ದರೆ ಆ ತಟ್ಟೆಯ ಗೆಡ್ಡೆಗಳು ಒಲೆಯ ಮೇಲೆ ಕೂತ ಹಾಗೆ. ಕೋಣೆ 17 ತೋರಿಸಿದರೂ ತಟ್ಟೆ 21 ಇರುತ್ತದೆ, ಕೆಳಗಿನದು ಹೂಬಿಟ್ಟು ಮೇಲಿನದು ಸುಮ್ಮನಿರುತ್ತದೆ. ದೀಪಕ್ಕೂ ತಟ್ಟೆಗೂ 5 ಸೆಂ.ಮೀ. ಸಂದು ಬಿಟ್ಟು, ಪ್ರತಿ ಅಂತಸ್ತಿನ ತುದಿಯಲ್ಲಿ ಆ ಸಂದಿಗೆ ಬೀಸುವ ಒಂದು ಕಂಪ್ಯೂಟರ್ ಫ್ಯಾನ್ ಇಡಿ. ಡ್ರೈವರ್‌ಗಳೆಲ್ಲ ಕೋಣೆಯ ಹೊರಗಿರಲಿ.

ಪ್ರಶ್ನೆ: ಚಳಿಗಾಲಕ್ಕೆ ಕರಿಬೇವಿನ ಕುಂಡವನ್ನು ಬೇಸ್‌ಮೆಂಟಿಗೆ ಇಳಿಸಿ 65 ವಾಟ್ ಗ್ರೋ ಲೈಟ್ ಹಾಕುತ್ತೇವೆ. ಅಲ್ಲಿ 14 ಡಿಗ್ರಿ. ಚಿಕ್ಕ ಟೆಂಟ್ ತಂದಿದ್ದೇವೆ, ಎಕ್ಸಾಸ್ಟ್ ಬೇಕೇ? ಎಲೆ ಹಳದಿಯಾಗಿ ಉದುರುತ್ತಿದೆ.
— ನ್ಯೂಜೆರ್ಸಿ, ಅಮೆರಿಕ

ಉತ್ತರ: ನಿಮ್ಮದು ಉಳಿದವರಿಗೆ ತೀರಾ ತಿರುಗುಮುರುಗು. ಎಕ್ಸಾಸ್ಟ್ ಬೇಡ, ಆ 65 ವಾಟ್ ಟೆಂಟಿನೊಳಗೇ ಉಳಿಯಲಿ. ಡ್ರೈವರನ್ನೂ ಒಳಗೇ ಬಿಡಿ, ನೀರು ತಾಗದಷ್ಟು ಎತ್ತರದಲ್ಲಿ. ಮೇಲಿನ ಕಂಡಿ ಮುಚ್ಚಿ, ಕೆಳಗಿನದನ್ನು ನಾಲ್ಕು ಬೆರಳು ತೆರೆದಿಡಿ. ಕರಿಬೇವಿಗೆ 20 ಡಿಗ್ರಿ ದಾಟಿದರೆ ಸಮಾಧಾನ. ಮೇಲೆ ಸೇರಿದ ಬಿಸಿಯನ್ನು ಬುಡಕ್ಕೆ ಇಳಿಸಲು ಮೇಲ್ಭಾಗದಿಂದ ಕೆಳಕ್ಕೆ ಬೀಸುವ ಒಂದು ಪುಟ್ಟ ಫ್ಯಾನ್ ಸಾಕು.

ಎಲೆ ಉದುರಲು ಎರಡು ಕಾರಣ ನೋಡಿ. ಮೊದಲನೆಯದು ಕಾಂಕ್ರೀಟ್ ನೆಲ. ಕುಂಡ ನೇರ ನೆಲದ ಮೇಲಿದ್ದರೆ ಬೇರು ಹಿಮದಷ್ಟು ತಣ್ಣಗಿರುತ್ತದೆ, ಮೇಲಿನ ಎಲೆ ಬೆಚ್ಚಗಿದ್ದು ನೀರು ಕೇಳುತ್ತದೆ, ಬೇರು ಕೊಡಲಾರದು. ಕೆಳಗೆ ಎರಡು ಇಂಚು ಥರ್ಮಾಕೋಲ್ ಅಥವಾ ಮರದ ಹಲಗೆ ಇಡಿ, ಮೇಲಿನ ಎರಡು ಇಂಚು ಮಣ್ಣು ಒಣಗುವವರೆಗೆ ನೀರು ಬೇಡ. ಎರಡನೆಯದು ಕೆಂಪು ನುಸಿ. ಹೀಟಿಂಗ್ ಓಡುವ ಮನೆಯ ಒಣಗಾಳಿ ಅದಕ್ಕೆ ತುಂಬ ಇಷ್ಟ. ಎಲೆಯ ಬೆನ್ನನ್ನು ಬಿಳಿ ಕಾಗದದ ಮೇಲೆ ತಟ್ಟಿ, ಉದುರಿದ ಚುಕ್ಕೆಗಳು ಹರಿದಾಡಿದರೆ ಅದೇ. ವಾರಕ್ಕೊಮ್ಮೆ ಗಿಡವನ್ನು ಬಾತ್‌ರೂಮಿಗೆ ಒಯ್ದು ಉಗುರುಬೆಚ್ಚಗಿನ ನೀರಿನ ಶವರ್‌ನಲ್ಲಿ ಎಲೆಯ ಕೆಳಭಾಗ ತೊಳೆಯಿರಿ, ಮೂರು ನಾಲ್ಕು ವಾರ ಬಿಡದೆ. ದೀಪ ದಿನಕ್ಕೆ 12ರಿಂದ 14 ಗಂಟೆ ಇರಲಿ. ವಸಂತದಲ್ಲಿ ರಾತ್ರಿಯೂ 12 ಡಿಗ್ರಿಗಿಂತ ಕೆಳಗೆ ಇಳಿಯದಂತಾದ ಮೇಲೆ ಹೊರಗಿಡಿ, ಮೊದಲ ವಾರ ಪೂರ್ತಿ ನೆರಳಲ್ಲಿ. ದೀಪದಡಿ ಚಿಗುರಿದ ಎಲೆ ನೇರ ಬಿಸಿಲಿಗೆ ಒಂದೇ ದಿನದಲ್ಲಿ ಸುಟ್ಟುಹೋಗುತ್ತದೆ.